ಮೂರನೇ ಸುತ್ತಿಗೆ ನಿಲ್ಲುವ ಕಾರು

ಭಾನುವಾರ ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಬನಿಯನ್ನಿಗೆ ಇಸ್ತ್ರಿ ಹಾಕುತ್ತಿದ್ದೆ. ಎಂಥ ಶಿಸ್ತಿನ ಮನುಷ್ಯ ಎಂದುಕೊಳ್ಳಬೇಡಿ. ಸೋಮವಾರಕ್ಕೆ ಒಣಗಿದ್ದೊಂದು ಬೇಕಿತ್ತು, ಅಷ್ಟೆ.

ಹಾಲ್‌ನಿಂದ ನನ್ನ ಹೆಂಡತಿ ಶಿವಗಂಗಾಳ ದನಿ ಬಂತು. "ರೀ, ಮತ್ತೆ ನಿಂತ್ಹೋಯ್ತು."

ಹಿಂದೆಯೇ ಮಹಡಿ ಮೆಟ್ಟಿಲಿನಿಂದ ಧನಲಕ್ಷ್ಮಿಯ ದನಿ. "ಅಕ್ಕಾ, ಕಾರ್‌ಗೆ ಪೆಟ್ರೋಲ್ ಹಾಕ್ಸಿದ್ರಾ ಇಲ್ವಾ?"

ನಮ್ಮ ರಾಜಗೋಪಾಲನಗರದ ಬೀದಿಯಲ್ಲಿ ಮನೆಗಳು ಎಷ್ಟು ಒತ್ತಾಗಿವೆಯೆಂದರೆ, ಪಕ್ಕದವರ ಸಾರಿಗೆ ಉಪ್ಪು ಕಡಿಮೆಯಾದರೆ ನಮಗೆ ಗೊತ್ತಾಗುತ್ತದೆ. (ಉಪ್ಪಿಗೆ ವಾಸನೆಯಿಲ್ಲ ಎಂಬುದು ಬಿ.ಎಸ್‌ಸಿ. ಮಾಡಿದ ನನಗೂ ತಿಳಿದಿದೆ. ನಮಗೆ ಕೇಳಿಸುವುದು ಅವರ ಜಗಳ.) ಇಂಥಲ್ಲಿ ಬಿಸಿಲೆಂಬುದು ತಾರಸಿಗೆ ಮಾತ್ರ ಸಲ್ಲುವ ಸಂಪತ್ತು. ತಾರಸಿಯಲ್ಲಿ ಬಟ್ಟೆ ಒಣಹಾಕಲು ಎರಡು ತಂತಿಗಳಿವೆ. ಒಂದಕ್ಕೆ ದಿನವಿಡೀ ಬಿಸಿಲು, ಇನ್ನೊಂದಕ್ಕೆ ನೀರಿನ ಟ್ಯಾಂಕಿನ ನೆರಳು. ಬಿಸಿಲಿನ ತಂತಿಗಾಗಿ ನನ್ನ ಹೆಂಡತಿಗೂ ಮಹಡಿಯಲ್ಲಿರುವ ಮನೆ ಮಾಲೀಕ ದೊಡ್ಡಮುನಿಯಪ್ಪನವರ ಸೊಸೆ ಧನಲಕ್ಷ್ಮಿಗೂ ಬಹುಕಾಲ ಯುದ್ಧ ನಡೆದು, ಕೊನೆಗೆ ಒಪ್ಪಂದವಾಯಿತು. ಪ್ರತಿ ಭಾನುವಾರ ಇಬ್ಬರೂ ತಂತಮ್ಮ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವುದು. ಗೆದ್ದವರಿಗೆ ಒಂದು ವಾರ ಬಿಸಿಲು.

ಶಿವಗಂಗಾ ಜೀವಮಾನದಲ್ಲಿ ಸ್ಕೂಟರನ್ನೂ ಮುಟ್ಟಿದವಳಲ್ಲ. ಆದರೆ ಪರದೆಯ ಮೇಲೆ ಅವಳ ಕಾರು ಹಾರುತ್ತದೆ. ಭಾನುವಾರ ಬೆಳಿಗ್ಗೆ ತಿಂಡಿಯಾದದ್ದೇ ಅಭ್ಯಾಸಕ್ಕೆ ಕೂತರೆ ಸಂಜೆಯ ರೇಸು ಮುಗಿಯುವವರೆಗೂ ಕಂಪ್ಯೂಟರಿಗೆ ಬಿಡುವಿಲ್ಲ. ಮೂರನೆಯ, ಅಂದರೆ ಕೊನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿರುವಾಗ ಪರದೆ ಕಲ್ಲಾಗುತ್ತದೆ. ಕಾರು ಗಾಳಿಯಲ್ಲೇ ನಿಲ್ಲುತ್ತದೆ. ನಮ್ಮ ಬಟ್ಟೆ ಟ್ಯಾಂಕಿನ ನೆರಳಿಗೆ ಹೋಗುತ್ತದೆ.

ನಾನು ಪೀಣ್ಯದ ಒಂದು ನಿಕಲ್ ಲೇಪನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ತೊಂದರೆ ಬಂದಾಗ ಒಂದು ಸಲಕ್ಕೆ ಒಂದೇ ಅಂಶ ಬದಲಿಸಿ ನೋಡಬೇಕು ಎಂಬುದು ನಮ್ಮ ಧರ್ಮ. ಹಾಗೆಯೇ ಮಾಡಿದೆ. ಒಳಗಿನ ಧೂಳು ಊದಿ, ಆಡಿ ನೋಡಿದೆ. ನಿಲ್ಲಲಿಲ್ಲ. ಇನ್ನೊಂದು ದಿನ ಮೆಮೊರಿ ಬಿಚ್ಚಿ ಒರೆಸಿ ಹಾಕಿ ಆಡಿದೆ. ನಿಲ್ಲಲಿಲ್ಲ. ಆಟವನ್ನೇ ಅಳಿಸಿ ಮತ್ತೆ ಹಾಕಿದೆ. ಆಗಲೂ ನಿಲ್ಲಲಿಲ್ಲ. (ನಾನು ಪ್ರತಿ ಸಲವೂ ಕೊನೆಯವನಾಗಿ ಬಂದದ್ದು ಪ್ರಯೋಗಕ್ಕೆ ಸಂಬಂಧಿಸಿದ ವಿಷಯವಲ್ಲ.)

"ಯಂತ್ರದಲ್ಲಿ ದೋಷ ಇಲ್ಲ. ಉಳಿದಿರೋ ಅಂಶ ಒಂದೇ. ಆಡೋರು," ಎಂದೆ.

"ಅಂದ್ರೆ ನಾನು ಕೆಟ್ಟೋಗಿದೀನಾ?"

"ನೀನು ಕೀ ಒತ್ತೋ ಒತ್ತಡ..."

"ಹೌದ್ರೀ, ಮದುವೆಯಾದಾಗಿಂದ ಒತ್ತಡದಲ್ಲೇ ಇದೀನಿ. ಬರೋ ಭಾನುವಾರದ ರೇಸು ಶಿವರಾತ್ರಿವರೆಗೂ ಲೆಕ್ಕ ಅಂತೆ. ಧನಲಕ್ಷ್ಮಿ ಕೇಳಿದ್ಲು, ನಾನು ಹೂಂ ಅಂದಿದೀನಿ. ಆಮೇಲೆ ಇಡೀ ಚಳಿಗಾಲ ನಿಮ್ ಪ್ಯಾಂಟ್ ನೀವೇ ಒಣಗಿಸ್ಕೊಳಿ."

ನಾನು ಗಂಭೀರನಾದೆ. ನಾನು ಕೂತಾಗ ಸರಿ, ಅವಳು ಕೂತಾಗ ಕೆಡುತ್ತದೆ. ಹಾಗಾದರೆ ಅವಳು ಆಡುವುದನ್ನು ಕಣ್ಣಾರೆ ನೋಡಬೇಕು. ಆದರೆ ಆಡುವಾಗ ನಾನು ಹತ್ತಿರ ಸುಳಿಯುವಂತಿಲ್ಲ. ಹಿಂದೆ ನಿಂತು "ಬ್ರೇಕ್, ಬ್ರೇಕ್" ಎನ್ನುತ್ತೇನಂತೆ.

ಆ ಭಾನುವಾರ ಸಂಜೆ ಚಪ್ಪಲಿ ಸದ್ದು ಮಾಡುತ್ತಾ ಹೊರಗೆ ಹೋದೆ. ಬೀದಿ ತುದಿಯಲ್ಲಿ ಅದನ್ನು ಕೈಗೆ ತೆಗೆದುಕೊಂಡು, ಬರಿಗಾಲಲ್ಲಿ ಬಂದು ನಮ್ಮದೇ ಕಿಟಕಿಯಲ್ಲಿ ಇಣುಕಿದೆ. (ಎದುರು ಮನೆಯ ಗೋಪಾಲಪ್ಪ ನೋಡಿದರು. ನೋಡಲಿ. ವಿಜ್ಞಾನಿಗಳಿಗೆ ಇದೆಲ್ಲ ಹೊಸದಲ್ಲ.)

ಒಳಗೆ ಮೂರನೇ ಸುತ್ತು. ಶಿವಗಂಗಾ ಎಲ್ಲರಿಗಿಂತ ಮುಂದಿದ್ದಳು. ಪಕ್ಕದಲ್ಲಿ ಕಂಪ್ಯೂಟರಿನ ಪೆಟ್ಟಿಗೆ. ಅದರ ನೆತ್ತಿಯ ಮೇಲೆ, ಬಿಸಿಗಾಳಿ ಹೊರಬರುವ ಜಾಲರಿಯನ್ನು ಪೂರ್ತಿ ಮುಚ್ಚಿಕೊಂಡು ಒಂದು ಸ್ಟೀಲ್ ಪಾತ್ರೆ ಕೂತಿತ್ತು. ಪಾತ್ರೆಗೆ ನನ್ನ ಮಂಕಿ ಕ್ಯಾಪ್ ತೊಡಿಸಲಾಗಿತ್ತು. ಕಾವಲಿಗೆ ನಮ್ಮ ಅತ್ತೆ ಸಿದ್ದಕ್ಕ ನಿಂತಿದ್ದರು.

ಅತ್ತೆ ಗದಗದ ಕಡೆಯವರು. ದಸರೆ ಮುಗಿಸಿ ಬಂದು ನಮ್ಮಲ್ಲಿದ್ದಾರೆ. ಹಳೆಯ ಪದ್ಧತಿಯವರು. ಅಳಿಯನ ಎದುರು ನಿಲ್ಲುವುದಿಲ್ಲ, ನೇರವಾಗಿ ಮಾತಾಡುವುದೂ ಇಲ್ಲ. ನನ್ನ ಚಪ್ಪಲಿ ಸದ್ದಾದರೆ ಸೆರಗು ತಲೆಗೇರಿಸಿ, ತಮ್ಮ ಸಾಮಾನೆಲ್ಲ ಬಾಚಿಕೊಂಡು ಅಡುಗೆಮನೆ ಸೇರುತ್ತಾರೆ. ಆ ಸಾಮಾನಿನಲ್ಲಿ ಈ ಪಾತ್ರೆಯೂ ಇರುತ್ತದೆಂದು ನನಗೆ ಆಗಲೇ ಹೊಳೆದದ್ದು. ನಾನು ಪರೀಕ್ಷೆಗೆ ಕೂತಾಗಲೆಲ್ಲ ಅವರು ಮರ್ಯಾದೆಯಿಂದ ರೋಗದ ಮೂಲವನ್ನೇ ಎತ್ತಿಕೊಂಡು ಹೋಗುತ್ತಿದ್ದರು.

ಓಡಿ ಬಂದು ಬಾಗಿಲು ತಳ್ಳಿದೆ. ಅತ್ತೆ ಪಾತ್ರೆಯನ್ನೂ ಬಿಟ್ಟು ಮಾಯವಾದರು. ಅಷ್ಟರಲ್ಲಿ ಪರದೆ ಕಲ್ಲಾಗಿತ್ತು. ಕಾರಿನ ಮೂತಿಗೂ ಗೆಲುವಿನ ಗೆರೆಗೂ ನಡುವೆ ಒಂದು ಬನಿಯನ್ ಒಣಹಾಕುವಷ್ಟು ಜಾಗವಿತ್ತು. ಮೇಲೆ ಧನಲಕ್ಷ್ಮಿ ನಗಲು ಶುರುಮಾಡಿದಳು.

ಸೋತದ್ದು ಸೋತಾಯಿತು, ಕಾರಣವಾದರೂ ಸಿಕ್ಕಿತಲ್ಲ ಎಂಬ ಹುಮ್ಮಸ್ಸು ನನಗೆ. ಪಾತ್ರೆಯನ್ನು ಎತ್ತಿ ಹಿಡಿದೆ. "ನೋಡು, ಇದೇ. ಬಿಸಿಗಾಳಿಗೆ ದಾರಿ ಇಲ್ಲ. ಒಳಗೆ ಕಾದು ಕಾದು ನಿಂತ್ಹೋಗುತ್ತೆ. ಇದರ ಮೇಲೆ ಪಾತ್ರೆ ಇಡಿ ಅಂತ ಯಾವ ಬುದ್ಧಿವಂತ ಹೇಳ್ಕೊಟ್ಟ?"

ಶಿವಗಂಗಾ ಅಡುಗೆಮನೆ ಕಡೆ ತಿರುಗಿದಳು. "ಅವ್ವಾ, ಯಾರು ಹೇಳಿದ್ದು?"

ಬಾಗಿಲ ಮರೆಯಿಂದ ಉತ್ತರ ಬಂತು. "ಗಂಗಾ, ಅವರಿಗೆ ಹೇಳವ್ವ. ಈ ಊರಾಗ ಚಳಿಗೆ ಹಾಲು ಹೆಪ್ಪಾಗವಲ್ದು. ದೀಪಾವಳಿ ಊಟದಾಗ ಮಸರು ನೀರಾಗೇತಿ ಅಂದು, ಇಂತಿಷ್ಟ ಡಿಗ್ರಿ ಕಾವು ಇರಬೇಕು ಅಂತ ಅವರ ಹೇಳಿದ್ರು. ದೊಡ್ಡ ಓದು ಓದಿದವರ ಮಾತು, ಬಿಡಾಕ ಬರ್ತೇತೇನು? ಜ್ವರದ ಕಡ್ಡಿ ಹಿಡಕೊಂಡು ಮನಿ ತುಂಬ ಹುಡುಕೀನಿ. ಅಷ್ಟ ಕಾವು ಸಿಕ್ಕಿದ್ದು ಅದರ ನೆತ್ತಿ ಮ್ಯಾಲ. ಅದೂ ನೀ ಕಾರ್ ಓಡಸೂ ಮುಂದ ಅಷ್ಟ."

ಪಾತ್ರೆಯ ಮುಚ್ಚಳ ತೆಗೆದು ನೋಡಿದೆ. ಚಾಕುವಿನಲ್ಲಿ ಕತ್ತರಿಸುವಂಥ ಮೊಸರು. ಸೋಮವಾರದ ಬುತ್ತಿಯಲ್ಲಿ ಇಂಥದನ್ನು ಕಂಡು ಕಾರ್ಖಾನೆಯ ಕೊಟ್ರಪ್ಪ ಗುಟ್ಟು ಕೇಳಿದಾಗ, ಮನೆಯವರಿಗೆ ಸ್ವಲ್ಪ ವಿಜ್ಞಾನ ಹೇಳಿಕೊಟ್ಟಿದ್ದೇನೆ ಎಂದು ನಾನೇ ಹೇಳಿದ್ದೆ.

ಶಿವಗಂಗಾ ಹಸಿ ಬಟ್ಟೆಯ ಬಕೆಟ್ಟನ್ನು ತಂದು ನನ್ನ ಕಾಲ ಬಳಿ ಇಟ್ಟಳು.

"ಎಷ್ಟು ಡಿಗ್ರಿ ಅಂದಿದ್ರಿ ಅವತ್ತು?"

ನಾನು ಮೆಲ್ಲಗೆ ಏನೋ ಅಂದೆ.

"ಕೇಳಿಸ್ಲಿಲ್ಲ. ಊಟದ ಹೊತ್ತಲ್ಲಿ ಹೇಳಿದ ಹಾಗೇ ಹೇಳಿ, ಮೇಲಿನವರಿಗೂ ತಿಳೀಲಿ."

ಮಹಡಿಯ ನಗುವೂ ನಿಂತು ಕಿವಿಗೊಟ್ಟಿತು.

"ನಲವತ್ತೆರಡು," ಎಂದೆ.