ಬೆತ್ತಲೆ ಭಾನುವಾರ ಮತ್ತು ಕೋಟಿನ ಯಜಮಾನರು

ಮನುಷ್ಯರು ಬಟ್ಟೆ ಬಿಚ್ಚಿಟ್ಟು, ದೆವ್ವ ಮಾತ್ರ ಕೋಟು ಹಾಕಿಕೊಂಡು ಬರುವ ಜಾಗವೇನಾದರೂ ಲಂಡನ್ನಿನಲ್ಲಿದ್ದರೆ, ಅಲ್ಲಿನ ಡ್ಯೂಟಿ ನನಗೇ ಬೀಳಬೇಕು. ನನ್ನ ಹಣೆಬರಹವೇ ಅಂಥದ್ದು. ಊರಂಚಿನ ಅಕ್ಸ್‌ಬ್ರಿಡ್ಜಿನ ಒಂದು ಈಜುಕೊಳದಲ್ಲಿ ನಾನು ಮ್ಯಾನೇಜರ್. "ಡಾಕ್ಟರ ಹೆಂಡತಿ, ಮೈಸೂರಿನ ಸೊಸೆ, ನಿಮಗ್ಯಾಕ್ರೀ ಈ ಕೆಲಸ?" ಎಂದು ಹ್ಯಾರೋದ ಕನ್ನಡದ ಗೆಳತಿಯರು ಕೇಳುತ್ತಲೇ ಇರುತ್ತಾರೆ. ಮನೆಯಲ್ಲಿ ಕೂತರೆ ಹಪ್ಪಳ ಸಿಗುತ್ತದೆಯೇ ಹೊರತು ಇಂಥ ಕಥೆ ಸಿಗುವುದಿಲ್ಲ.

೧. ಗುರುತು ಸಿಗಲಿಲ್ಲ

ಭಾನುವಾರ ಸಂಜೆ ನಮ್ಮ ಕೊಳವನ್ನು ಒಂದು ಕ್ಲಬ್ಬಿನವರು ಬಾಡಿಗೆಗೆ ಹಿಡಿಯುತ್ತಾರೆ. ಕಿಟಕಿಯ ಬ್ಲೈಂಡ್ ಇಳಿಸಿ, ಬಾಗಿಲು ಭದ್ರ ಮಾಡಿ, ಎಲ್ಲರೂ ಹುಟ್ಟಿದ ಹಾಗೆ ಈಜುತ್ತಾರೆ. ಹೆಚ್ಚಿನವರು ಅಜ್ಜ ಅಜ್ಜಿಯರೇ. ಮೊದಲ ದಿನ ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಗೋಡೆ ಗಡಿಯಾರವನ್ನೇ ನೋಡುತ್ತ ನಿಂತೆ. ಚಳಿಗಾಲ, ಹೊರಗೆ ನಾಲ್ಕಕ್ಕೇ ಕತ್ತಲು, ಒಳಗೆ ನೀರಿನಿಂದ ಏಳುವ ಹಬೆ. ಆ ಹಬೆಯೊಳಗಿಂದ ಬಿಳಿಚಿದ ಮೈಗಳು ಸದ್ದಿಲ್ಲದೆ ತೇಲಿ ಬರುತ್ತಿದ್ದವು, ಹಾಗೇ ಕರಗಿ ಹೋಗುತ್ತಿದ್ದವು. ಯಾರೂ ಕೂಗುವುದಿಲ್ಲ, ನಗುವುದಿಲ್ಲ. ನಿಜ ಹೇಳಬೇಕೆಂದರೆ ನನಗೆ ನಾಚಿಕೆಗಿಂತ ಭಯವೇ ಹೆಚ್ಚಾಯಿತು.

ಮರುದಿನ ಟ್ಯೂಬ್ ರೈಲಿನಲ್ಲಿ ಸೂಟು, ಟೈ ತೊಟ್ಟ ಹಿರಿಯರೊಬ್ಬರು ಎದುರು ಕೂತು, "ನಿನ್ನೆ ನೀರು ಹದವಾಗಿತ್ತು, ಥ್ಯಾಂಕ್ಸ್" ಎಂದರು. ಯಾರಪ್ಪಾ ಇವರು ಎಂದು ಪಿಳಿಪಿಳಿ ನೋಡಿದೆ. ಆಮೇಲೆ ಹೊಳೆಯಿತು.

"ಕ್ಷಮಿಸಿ, ಬಟ್ಟೆ ಹಾಕಿಕೊಂಡಿದ್ದೀರಲ್ಲ, ಗುರುತೇ ಸಿಗಲಿಲ್ಲ" ಎಂದುಬಿಟ್ಟೆ.

ಲಂಡನ್ನಿನ ಟ್ಯೂಬಿನಲ್ಲಿ ಒಂದು ಬೋಗಿಯ ಜನರೆಲ್ಲ ಒಟ್ಟಿಗೆ ಫೋನಿನಿಂದ ತಲೆ ಎತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

೨. ಎರಡೂ ಒಂದಲ್ಲ

ಕ್ಲಬ್ಬಿನ ಕಾರ್ಯದರ್ಶಿ ಒಬ್ಬ ಇಂಗ್ಲಿಷ್ ಅಜ್ಜಿ. ಒಮ್ಮೆ ಮಾತಿನ ಭರದಲ್ಲಿ, "ನಿಮ್ಮ ನ್ಯೂಡಿಸ್ಟ್ ಕ್ಲಬ್ಬು" ಎಂದೆ. ಆಕೆ ಮೈಮೇಲೆ ನೂಲೆಳೆಯೂ ಇಲ್ಲದೆ ನಿಂತು, ಹೆಡ್‌ಮಿಸ್ಟ್ರೆಸ್ ಹಾಗೆ ನನ್ನನ್ನು ಗದರಿದರು.

"ನ್ಯಾಚುರಿಸ್ಟ್! ನ್ಯೂಡಿಸ್ಟಿಗೆ ಬಟ್ಟೆ ಬಿಚ್ಚಿದರೆ ಕೆಲಸ ಮುಗಿಯಿತು. ನಮಗೆ ಅಲ್ಲಿಂದ ಶುರು. ಗಾಳಿ, ನೀರು, ನಮ್ಮ ಮೈ, ಇವುಗಳ ಜೊತೆ ಜಗಳವಿಲ್ಲದೆ ಬದುಕುವುದು. ಇನ್ನೊಬ್ಬರ ಮೈಯನ್ನು ಆಡಿಕೊಳ್ಳದಿರುವುದು."

ಆಪರೇಷನ್ನಿನಲ್ಲಿ ಆಕೆಯ ಒಂದು ಸ್ತನ ಹೋಗಿತ್ತು. ಆ ಗಾಯದ ಗೆರೆಯ ಮೇಲೆ ಬೆರಳಿಟ್ಟು, "ಇದನ್ನು ನೋಡಿ ಅಯ್ಯೋ ಅನ್ನದ ಜಾಗ ನನಗೆ ಇದೊಂದೇ" ಎಂದರು. ಮಾತು ಬದಲಿಸಲು, "ಪ್ರಕೃತಿ ಅಂತೀರಿ, ಇಲ್ಲಿರೋದು ಟ್ಯೂಬ್‌ಲೈಟು, ಕ್ಲೋರಿನ್ನು" ಎಂದೆ.

"ಇಂಗ್ಲೆಂಡಿನಲ್ಲಿ ಬಿಸಿಲು ಬರಲಿ ಅಂತ ಕಾದರೆ ಬಟ್ಟೆಯಲ್ಲೇ ಸಾಯಬೇಕಾಗುತ್ತದೆ" ಎಂದು ಆಕೆ ನೀರಿಗಿಳಿದರು.

೩. ಬೂದು ಕೋಟು

ಡಿಸೆಂಬರಿನಲ್ಲಿ ಶುರುವಾಯಿತು. ಯಾರೂ ಇಲ್ಲದ ಷವರು ತಾನಾಗಿ ಸುರಿಯುವುದು, ನಾನು ಹೋಗಿ ನಿಲ್ಲಿಸಿದರೆ ಪಕ್ಕದ್ದು ಸುರಿಯುವುದು. ಬಾಗಿಲಿನಿಂದ ಆಳದ ಕಡೆಯ ಬೆಂಚಿನವರೆಗೆ ಒದ್ದೆ ಹೆಜ್ಜೆಗಳು, ಅದೂ ಬೂಟಿನವು. ಬಂದ ಗುರುತಿದೆ, ಹೋದ ಗುರುತಿಲ್ಲ.

ಒಂದು ಸಂಜೆ ನಮ್ಮ ಲೈಫ್‌ಗಾರ್ಡ್ ಬೆವರುತ್ತ ಬಂದ. ಪೋಲೆಂಡಿನ ಕಡೆಯವನು, ಬಾಗಿಲು ತುಂಬುವಂಥ ಆಳು. ಹಬೆಯೊಳಗೆ ಬೆಂಚಿನ ಮೇಲೆ ಕೋಟು ತೊಟ್ಟ ಮುದುಕ ಕೂತಿದ್ದನಂತೆ. ಇವನು ಹತ್ತಿರ ಹೋದರೆ ಬರೀ ಬೆಂಚು.

"ಬೆತ್ತಲೆ ಜನ ಎಷ್ಟು ಬೇಕಾದರೂ ಬರಲಿ, ಕೋಟು ಹಾಕಿದವರ ಸಹವಾಸ ನನಗೆ ಬೇಡ. ಇದು ನಿಲ್ಲದಿದ್ದರೆ ನಾನು ಬರೋದಿಲ್ಲ" ಎಂದ.

ಲೈಫ್‌ಗಾರ್ಡ್ ಇಲ್ಲದೆ ಕೊಳ ತೆರೆಯುವಂತಿಲ್ಲ, ಆ ಪಾಳಿಗೆ ಬೇರೆ ಯಾರೂ ಒಪ್ಪುವುದೂ ಇಲ್ಲ. ಇವನು ಹೋದರೆ ಅಜ್ಜಿಯ ಭಾನುವಾರಗಳೂ ಹೋದ ಹಾಗೆ. ಹೆದರುತ್ತಲೇ ಅವರಿಗೆ ವಿಷಯ ತಿಳಿಸಿದೆ.

"ಕೊಳದ ಪಕ್ಕ ಕೋಟೇ? ನಿಯಮಕ್ಕೆ ವಿರುದ್ಧ!" ಎಂದವರು, ಹತ್ತಿರ ಬಂದು, "ಯಾವ ಬಣ್ಣ?" ಎಂದರು.

"ಬೂದು. ಕತ್ತಿನವರೆಗೆ ಗುಂಡಿ ಹಾಕಿತ್ತಂತೆ."

ಆಕೆ ಟವೆಲ್ ಹಾಸಿ ಮೆಲ್ಲಗೆ ಕೂತರು. "ಅದು ನನ್ನ ಗಂಡ" ಎಂದರು.

ಹಿಂದಿನ ವರ್ಷ ತೀರಿಕೊಂಡವರು. ಬದುಕಿದ್ದಾಗ ಪ್ರತಿ ಭಾನುವಾರ ಹೆಂಡತಿಯನ್ನು ಕಾರಿನಲ್ಲಿ ಕರೆತಂದು, ಕೋಟಿನ ಒಂದು ಗುಂಡಿಯನ್ನೂ ಬಿಚ್ಚದೆ ಹೊರಗೇ ಕಾಯುತ್ತಿದ್ದರಂತೆ. ಈಕೆ ಬಂದ ಕೂಡಲೇ, "ನಿಮ್ಮ ನ್ಯೂಡಿಸ್ಟರದು ಮುಗಿಯಿತೇ?" ಎನ್ನುವರು. ಈಕೆ "ನ್ಯಾಚುರಿಸ್ಟರು" ಎನ್ನುವರು. ಮನೆ ಮುಟ್ಟುವವರೆಗೂ ಅದೇ ಜಗಳ.

"ಎಷ್ಟು ಕರೆದರೂ ಒಳಗೆ ಬರಲಿಲ್ಲ" ಎಂದು ಆಕೆ ಕಣ್ಣೊರೆಸಿಕೊಂಡರು. "ಈಗ ಬಂದಿದ್ದಾನೆ ನೋಡು, ಮೆಂಬರ್‌ಶಿಪ್ಪೂ ಇಲ್ಲದೆ!"

೪. ಅತ್ತೆಯ ರೋಗನಿರ್ಣಯ

ಆಗ ಮೈಸೂರಿನಿಂದ ನಮ್ಮತ್ತೆ ಬಂದಿದ್ದರು. ಮಡಿಯವರು. ಅವರಿಗೆ ಹೇಳಿದರೆ ಎದೆ ಒಡೆದುಕೊಳ್ಳುತ್ತಾರೆ ಎಂದುಕೊಂಡೇ, ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಅವರು ಹುರುಳಿಕಾಯಿ ಸೋಸುವುದನ್ನೂ ನಿಲ್ಲಿಸಲಿಲ್ಲ.

"ಅದರಲ್ಲೇನೇ ಅರ್ಥ ಆಗ್ದೆ ಇರೋದು? ಚಿಕ್ಕ ಮಗೂನೂ ಬೆತ್ತಲೆ, ದಿಗಂಬರ ಮುನಿಗಳೂ ಬೆತ್ತಲೆ. ಎರಡೂ ಒಂದೇನಾ? ಮುನಿಗಳದ್ದು ವ್ರತ. ಆ ಅಜ್ಜೀದೂ ಅದೇ ಥರ."

ನನಗೆ ತಿಂಗಳುಗಟ್ಟಲೆ ಹಿಡಿದದ್ದು ಇವರಿಗೆ ಒಂದು ಹುರುಳಿಕಾಯಿ ಸೋಸುವಷ್ಟರಲ್ಲಿ ತಿಳಿಯಿತು.

"ಆದ್ರೆ ಬೆತ್ತಲೆ ಸ್ನಾನ ಮಾತ್ರ ತಪ್ಪು ಕಣೇ. ಸ್ನಾನ ಆದ್ಮೇಲೆ ಬಟ್ಟೆ ಹಿಂಡಿದ ನೀರು ಸತ್ತೋರಿಗೆ ಸೇರೋದು. ಬಟ್ಟೇನೇ ಇಲ್ಲ ಅಂದ್ರೆ ಅವರು ಬಾಯಾರಿ ಸಾಯ್ಬೇಕಾ? ಪಾಪ, ಅದಕ್ಕೇ ಷವರ್ ತಿರುಗಿಸ್ತಿದಾರೆ. ಒಂದು ತುಂಡು ಬಟ್ಟೇನೂ ಇರಲ್ವಾ ಅವರ ಹತ್ರ?"

"ಟವೆಲ್ ಇರತ್ತೆ ಅತ್ತೆ. ಟವೆಲ್ ಹಾಸದೆ ಎಲ್ಲೂ ಕೂರಬಾರದು ಅಂತ ಅವರ ನಿಯಮ."

"ಮತ್ತೆ ಅದನ್ನ ಹಿಂಡೋಕೇನು ರೋಗ?"

೫. ಹಿಂಡಿದ ನೀರು

ಮುಂದಿನ ಭಾನುವಾರ ಅತ್ತೆಯೇ ಹೊರಟು ನಿಂತರು. ಹೋದವರೇ ಸೀರೆಯುಟ್ಟುಕೊಂಡೇ ಷವರಿನಲ್ಲಿ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ, ಬಿಚ್ಚಿದ ಬಿಳಿಕೂದಲಲ್ಲಿ, ತೊಟತೊಟ ನೀರು ಸುರಿಸುತ್ತ ಹಬೆಯೊಳಗಿಂದ ಕೊಳದ ಕಡೆ ನಡೆದರು. ಕೋಟಿನ ದೆವ್ವಕ್ಕೆ ಹೆದರದ ಕ್ಲಬ್ಬಿನವರು ಅವತ್ತು ಒಟ್ಟಿಗೆ ಕಿರುಚಿದರು.

ಅಜ್ಜಿ ಮಾತ್ರ ಅಡ್ಡ ನಿಂತು, "ಬಟ್ಟೆ ಹಾಕಿಕೊಂಡು ಇಲ್ಲಿಂದ ಮುಂದೆ ಬರುವಂತಿಲ್ಲ" ಎಂದರು.

"ದೂರ ನಿಲ್ಲಕ್ಕೆ ಹೇಳೇ, ಮಡೀಲಿದೀನಿ" ಎಂದರು ಅತ್ತೆ.

ಎರಡನ್ನೂ ಅನುವಾದಿಸಿದೆ. ಇಬ್ಬರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿಕೊಂಡರು. ನಿಯಮಕ್ಕಾಗಿ ಊರನ್ನೇ ಎದುರು ಹಾಕಿಕೊಂಡವರು ಇಬ್ಬರೂ. ಸೀರೆ ಇರಲಿ, ಯಾರೂ ಮುಟ್ಟುವುದು ಬೇಡ ಎಂದು ರಾಜಿಯಾಯಿತು.

ನಾನು ಟವೆಲ್ ಹಿಂಡುವ ವಿಚಾರ ವಿವರಿಸಿದೆ. ಅಜ್ಜಿ ಟವೆಲ್ಲನ್ನು ಎದೆಗೆ ಒತ್ತಿ ಹಿಡಿದರು. "ಹಿಂಡಿದರೆ ಅವನು ಹೊರಟುಹೋಗುತ್ತಾನೆಯೇ?" ಎಂದರು. ಆಕೆಗೆ ಭಯ ಎಂಬುದು ಇದೆ ಎಂದು ನನಗೆ ಆಗಲೇ ತಿಳಿದದ್ದು. ಆಕೆಯ ಭಾನುವಾರ ಉಳಿಸಲು ಹೋಗಿ, ಆಕೆಯ ಗಂಡನನ್ನು ಎರಡನೇ ಸಲ ಕಳಿಸಿಕೊಡುತ್ತಿದ್ದೇನಲ್ಲ ಎಂದು ಸಂಕಟವಾಯಿತು.

ಅತ್ತೆ, "ಬಾಯಾರಿಕೆ ಹೋಗತ್ತೆ. ಇರೋದು, ಹೋಗೋದು ಅವರಿಷ್ಟ. ಬದುಕಿದ್ದಾಗ ಹೆಂಡತಿ ಮಾತು ಕೇಳ್ದೇ ಇದ್ದೋರು ಈಗ ನಮ್ಮ ಮಾತು ಕೇಳ್ತಾರಾ?" ಎಂದರು.

ಅಜ್ಜಿ ಅಳುತ್ತಲೇ ನಕ್ಕು, ಟವೆಲ್ ನೀರಲ್ಲಿ ಅದ್ದಿ ಹಿಂಡಿದರು. ಅವರ ಹಿಂದೆ ಎಲ್ಲರೂ ಸಾಲಾಗಿ ನಿಂತು ಹಿಂಡಿದರು. ದೂರದಲ್ಲಿ ಸುರಿಯುತ್ತಿದ್ದ ಷವರು ಗಕ್ಕನೆ ನಿಂತಿತು. ಲೈಫ್‌ಗಾರ್ಡ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ತನ್ನ ಎತ್ತರದ ಕುರ್ಚಿ ಏರಿ ಕೂತ.

ಅದರ ಮುಂದಿನ ವಾರ ಷವರಿಲ್ಲ, ಬೂಟಿನ ಹೆಜ್ಜೆಯಿಲ್ಲ. ಲೈಫ್‌ಗಾರ್ಡ್ ಸಿಳ್ಳೆ ಹಾಕುತ್ತಿದ್ದ. ಅಜ್ಜಿ ಮಾತ್ರ ಈಜದೆ ಬೆಂಚಿನ ಕಡೆಯೇ ನೋಡುತ್ತಿದ್ದರು, ನನಗೆ ಅವರ ಮುಖ ನೋಡಲಾಗಲಿಲ್ಲ. ಹೊರಡುವ ಹೊತ್ತಿಗೆ ಅವರು ಹಬೆಯೊಳಗೆ ನಡೆದರು. ತುಂಬ ಹೊತ್ತು ಬರಲಿಲ್ಲ. ಬಂದಾಗ ಮುಖವೆಲ್ಲ ಕಣ್ಣೀರು, ತುಟಿಯಲ್ಲಿ ನಗು.

"ಬಂದಿದ್ದಾನೆ! ಕೋಟು, ಷರ್ಟು, ಪ್ಯಾಂಟು ಎಲ್ಲ ಬಿಚ್ಚಿ ಮಡಿಚಿಟ್ಟು ಕೂತಿದ್ದಾನೆ!"

ಸಂತೋಷ ತಡೆಯಲಾಗದೆ, "ಅಂತೂ ನಿಮ್ಮ ಯಜಮಾನರು ನ್ಯಾಚುರಿಸ್ಟ್ ಆದರು ಅನ್ನಿ" ಎಂದೆ.

"ಅವನೆಲ್ಲಿ!" ಎಂದು ಆಕೆ ರೇಗಿದರು. "ಕಾಲುಚೀಲ ಬಿಚ್ಚಿಲ್ಲ. ವಾಚು ಕೂಡ ಬಿಚ್ಚಿಲ್ಲ, ಮುಗಿಯಿತೇ ಅಂತ ಅದನ್ನೇ ನೋಡುತ್ತ ಕೂತಿದ್ದಾನೆ. ನ್ಯೂಡಿಸ್ಟು! ಶುದ್ಧ ನ್ಯೂಡಿಸ್ಟು!"