ಅತ್ತೆ ಒಪ್ಪಬೇಕಾದ ಮೋಟಾರು ಸೈಕಲ್ಲು

ಹಳೇ ಮೋಟಾರು ಸೈಕಲ್ಲು ನೋಡಲು ಹೋದವರು ಅದೊಂದನ್ನೇ ನೋಡಿಕೊಂಡು ತೆಪ್ಪಗೆ ಮನೆಗೆ ಬರುವುದು ಎಲ್ಲಾದರೂ ಉಂಟೇ? ಬೇರೆಯವರ ಮಾತು ಗೊತ್ತಿಲ್ಲ, ನಮಗಂತೂ ಆ ಭಾಗ್ಯ ಒಲಿಯಲಿಲ್ಲ.

ನಮ್ಮವರ ವರ್ಕ್‌ಶಾಪಿನ ಕೆಲಸದ ಬೆನ್ನಿಗೆ ಬಿದ್ದು ರಂಗೂನು, ಕೊಲಂಬೊ, ಕರಾಚಿ ಅಂತ ತಿರುಗಿದವಳು ನಾನು. ಯುದ್ಧದ ಗಲಾಟೆಯಲ್ಲಿ ದೇವನಹಳ್ಳಿಯ ಹಳೇ ಮನೆಗೆ ಬಂದು ಬಿದ್ದೆವು. ಯುದ್ಧ ಮುಗಿಯಿತು, ಪೆಟ್ರೋಲಿನ ಕೂಪನ್ನಿನ ಕಾಟ ಮುಗಿಯಲಿಲ್ಲ. ಕೂತು ಕೂತು ನನ್ನ ಕಾಲಿಗೆ ಜೋಮು ಹಿಡಿದಿತ್ತು, ನಮ್ಮವರ ಕೈಗೆ ತುರಿಕೆ ಹತ್ತಿತ್ತು. ಅದಕ್ಕೂ ಹಿಂದಿನ ಯುದ್ಧದ ಕಾಲದಲ್ಲಿ ತೋಟದ ದೊರೆಗಳೋ ಪಾದ್ರಿಗಳೋ ಓಡಿಸಿ ಬಿಟ್ಟುಹೋದ ಮೋಟಾರು ಸೈಕಲ್ಲುಗಳನ್ನು ಅವರು ಹುಡುಕಿ ತರುತ್ತಿದ್ದರು. ಹಿತ್ತಿಲಲ್ಲಿ ಬಿಚ್ಚಿ ಹರಡಿ, ತಿಂಗಳುಗಟ್ಟಲೆ ಉಜ್ಜಿ, ಮದುವಣಗಿತ್ತಿಯಂತೆ ಸಿಂಗರಿಸಿ ನಿಲ್ಲಿಸುತ್ತಿದ್ದರು. ಆಮೇಲೆ ದಾರಿಯಲ್ಲಿ ಹೋಗುವ ಯಾರಾದರೂ "ಬಲು ಚೆನ್ನಾಗಿದೆ ಸ್ವಾಮಿ" ಅಂದರೆ ಸಾಕು, ಅವರಿಗೇ ಕೊಟ್ಟುಬಿಡುತ್ತಿದ್ದರು.

"ಬೇರೆಯವರ ಮಕ್ಕಳು ಗುಡಿ ಜೀರ್ಣೋದ್ಧಾರ ಮಾಡಿ ಪುಣ್ಯ ಕಟ್ಕೋತಾರೆ" ಎಂದು ನಮ್ಮತ್ತೆ ಎಲ್ಲರ ಮುಂದೆ ಹೇಳುತ್ತಿದ್ದರು, "ನನ್ನ ಮಗ ಕಬ್ಬಿಣದ ಜೀರ್ಣೋದ್ಧಾರ ಮಾಡಿ ನನ್ನ ತುಳಸಿಗೆ ಸೀಮೆಎಣ್ಣೆ ಕುಡಿಸ್ತಾನೆ."

ಅತ್ತೆ ಹಪ್ಪಳ ಒಣಹಾಕಿದ್ದ ಚಾಪೆಯ ಮೇಲೆ ಮಗರಾಯ ಪಿಸ್ಟನ್ನು ಒಣಹಾಕಿದ ದಿನ ತೀರ್ಪು ಹೊರಬಿತ್ತು.

"ಇನ್ನೊಂದೇ ಒಂದು. ಅದೂ ನಾನು ನೋಡಿ ಒಪ್ಪಿದರೆ. ಆಮೇಲೆ ಈ ಹಿತ್ತಿಲಲ್ಲಿ ಬದನೆಕಾಯಿ ಬೆಳೀತದೆ."

ಕೊನೆಯದು ಅಂದಮೇಲೆ ನಾನು ಸುಮ್ಮನಿರುತ್ತೇನೆಯೇ? ನನ್ನದೂ ಒಂದು ಷರತ್ತು ಸೇರಿಸಿದೆ. "ಪಕ್ಕದಲ್ಲಿ ಕೂರುವ ಪೆಟ್ಟಿಗೆ ಇರಬೇಕು. ಅದನ್ನು ಯಾರಿಗೂ ದಾನ ಮಾಡಕೂಡದು. ಅದರಲ್ಲಿ ನಾನು ಊರು ಬಿಟ್ಟು ಹೊರಡಬೇಕು."

"ಎಲ್ಲಿಗೆ ಹೊರಡ್ತೀಯೇ?" ಎಂದರು ನಮ್ಮವರು.

"ಮೊದಲು ಗಾಡಿ ಸಿಗಲಿ. ಊರುಗಳೇನೂ ಓಡಿಹೋಗಲ್ಲ."

ಅರ್ಧ ಕುದುರೆ

ಬೂದಿಗೆರೆಯ ಗೌಡರೊಬ್ಬರ ಕೊಟ್ಟಿಗೆಯಲ್ಲಿ ಒಂದಿದೆ ಎಂದು ಸುದ್ದಿ ಬಂತು. ಹೋದೆವು. ಎರಡು ಹಸುಗಳ ನಡುವೆ ಅದೂ ಒಂದು ಹಸುವಿನ ಹಾಗೆ, ಮೈಮೇಲೆ ಹುಲ್ಲು ಹೊದ್ದು ನಿಂತಿತ್ತು. ಪಕ್ಕದ ಪೆಟ್ಟಿಗೆ ಇರಲಿಲ್ಲ. ನಾನು ಮುಖ ತಿರುಗಿಸಿದೆ, ನಮ್ಮವರ ಮುಖ ಮಾತ್ರ ಅರಳಿತು.

"ಆಹಾ! ಮೂರೂವರೆ ಕುದುರೆ ಕಣೇ ಇದು!"

ಗೌಡರು ಕೊಟ್ಟಿಗೆಯನ್ನೆಲ್ಲ ಒಂದು ಸಲ ನೋಡಿದರು. "ಯಾವ ಕುದುರೆ ಸ್ವಾಮಿ?"

"ಅಂದ್ರೆ, ಮೂರೂವರೆ ಕುದುರೆ ಸೇರಿ ಎಳೆಯೋವಷ್ಟು ಶಕ್ತಿ ಇದರ ಎಂಜಿನ್ನಿಗೆ ಇದೆ ಗೌಡ್ರೇ."

ಗೌಡರು ತಲೆಯಾಡಿಸಿದರು. ಎಲೆಗೆ ಸುಣ್ಣ ಹಚ್ಚುತ್ತಾ ಯೋಚಿಸಿದರು. ನಾಲಿಗೆಗೆ ಬಂದದ್ದನ್ನು ಕೇಳಿಯೇಬಿಟ್ಟರು.

"ಮೂರು ಸರಿ. ಆ ಅರ್ಧ ಅಂದ್ರಲ್ಲ, ಅದು ಯಾವ ಅರ್ಧ? ಮುಂದಿಂದೋ ಹಿಂದಿಂದೋ?"

"ಅದು ಲೆಕ್ಕಕ್ಕೆ ಹೇಳೋ ಮಾತು ಗೌಡ್ರೇ!" ಎಂದು ರೇಗಿದ ನಮ್ಮವರು, ತೋರಿಸಿಯೇ ಬಿಡುತ್ತೇನೆಂದು ಪಂಚೆ ಎತ್ತಿ ಕಟ್ಟಿ ಕಿಕ್ಕರಿನ ಮೇಲೆ ಕಾಲಿಟ್ಟು ಬಲವಾಗಿ ತುಳಿದರು. ಎಂಜಿನ್ನು ಒಮ್ಮೆ ಕೆಮ್ಮಿತು. ಕಿಕ್ಕರು ತುಳಿದಷ್ಟೇ ಜೋರಾಗಿ ತಿರುಗಿ ಒದೆಯಿತು. ನಮ್ಮವರು ಹಾರಿ ಹೋಗಿ ತಿಪ್ಪೆಯ ಪಕ್ಕದ ಹುಲ್ಲಿನ ಹೊರೆಯಲ್ಲಿ ಕೂತರು.

ಗೌಡರು ನಿಧಾನವಾಗಿ ಹೋಗಿ ಕೈಹಿಡಿದು ಎಬ್ಬಿಸಿದರು.

"ಬಿಡಿ ಸ್ವಾಮಿ, ಗೊತ್ತಾಯ್ತು. ಹಿಂದಿನ ಅರ್ಧವೇ."

ನಿಂತಲ್ಲೇ ಓಡಿದ ಗಾಡಿ

"ಒದೆಯೋ ಹಸುವನ್ನೇ ಮನೇಲಿ ಕಟ್ಟಲ್ಲ ನಾನು" ಎಂದು ಮಗನ ಸೊಂಟಕ್ಕೆ ಹರಳೆಣ್ಣೆ ತಿಕ್ಕುತ್ತಾ ಅತ್ತೆ ಬೂದಿಗೆರೆಯದನ್ನು ತಳ್ಳಿಹಾಕಿದರು. ಸೊಂಟ ನೆಟ್ಟಗಾದ ಮೇಲೆ ನಮ್ಮೂರ ಪಕ್ಕದ ವಿಜಯಪುರಕ್ಕೆ ಹೋದೆವು.

ಅಲ್ಲಿ ರೇಷ್ಮೆ ಹುರಿ ಮಾಡುವ ಸಾಹುಕಾರರೊಬ್ಬರಿದ್ದರು. ಅವರ ಮೋಟಾರು ಸೈಕಲ್ಲು ಬೀದಿ ಕಂಡದ್ದೇ ಇಲ್ಲ. ಹಿಂದಿನ ಚಕ್ರ ನೆಲಕ್ಕೆ ತಾಗದ ಹಾಗೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆ ಚಕ್ರದಿಂದ ರಾಟೆಗಳಿಗೆ ಚರ್ಮದ ಪಟ್ಟಿ ಹಾಕಿದ್ದರು. ಇಲ್ಲಿ ಚಕ್ರ ತಿರುಗಿದರೆ ಅಲ್ಲಿ ನೂಲು ಹುರಿಯಾಗುತ್ತಿತ್ತು.

"ಎಂಜಿನ್ನು ಹೇಗಿದೆ?" ನಮ್ಮವರು ಕೇಳಿದರು.

"ಯುದ್ಧದಲ್ಲಿ ಹಗಲೂ ರಾತ್ರಿ ಓಡೈತೆ. ಬೆಂಗಳೂರಿಂದ ಲಂಡನ್ನಿಗೆ ಹೋಗಿ ಬಂದಷ್ಟು ದೂರ ಓಡೈತೆ. ಒಂದು ಗುಂಡಿಗೂ ಇಳಿದಿಲ್ಲ, ಒಂದು ನಾಯಿಗೂ ಗುದ್ದಿಲ್ಲ."

"ಬ್ರೇಕು?"

"ನಿಂತ ಗಾಡಿಗೆ ಬ್ರೇಕ್ ಯಾಕೆ ಸ್ವಾಮಿ? ಕಿತ್ತು ಕೊಟ್ಟಿಗೆ ಬಾಗಿಲಿಗೆ ಹಾಕಿದ್ದೀನಿ."

ನಾನು ನಮ್ಮವರ ಪಂಚೆ ಜಗ್ಗಿದೆ. ಅಷ್ಟರಲ್ಲಿ ಅವರು ಪಟ್ಟಿ ಬಿಚ್ಚಿ, ಗಾಡಿಯನ್ನು ನೆಲಕ್ಕಿಳಿಸಿ ಹತ್ತಿ ಕೂತಾಗಿತ್ತು. ಪಟ್ಟಿಯೇನೋ ಬಿಚ್ಚಿದರು, ಸೀಟಿನ ಕೊಂಡಿಗೆ ಸಿಕ್ಕಿಕೊಂಡಿದ್ದ ನೂಲಿನ ಎಳೆಯನ್ನು ಯಾರೂ ನೋಡಲಿಲ್ಲ. ಗಾಡಿ ಬೀದಿಗಿಳಿಯಿತು. ಹಿಂದೆಯೇ ರೇಷ್ಮೆಯೂ ಬೀದಿಗಿಳಿಯಿತು.

ಬೀದಿಯ ಕೊನೆಗೆ ಅರಳೀಕಟ್ಟೆ. ಬ್ರೇಕಿಲ್ಲದ ಗಾಡಿಯನ್ನು ಎಲ್ಲಿಗೆಂದು ಬಿಟ್ಟಾರು, ಕಟ್ಟೆಯ ಸುತ್ತಲೇ ತಿರುಗಿಸಲು ಶುರುಮಾಡಿದರು. ಒಂದು ಸುತ್ತಾಯಿತು, ಇನ್ನೊಂದಾಯಿತು. ಅಲ್ಲಿ ಹರಕೆಗೆಂದು ಅರಳೀಮರಕ್ಕೆ ನೂಲು ಸುತ್ತುತ್ತಿದ್ದ ಹೆಂಗಸರು, ಇವರೂ ಹರಕೆ ಹೊತ್ತವರೆಂದು ತಿಳಿದು ಸೆರಗು ಸರಿಮಾಡಿಕೊಂಡು ದಾರಿ ಬಿಟ್ಟರು. ಎಳೆ ಕಟ್ಟೆಗೂ ಸುತ್ತಿತು, ಗಾಡಿಗೂ ಸುತ್ತಿತು, ಸವಾರನಿಗೂ ಸುತ್ತಿತು. ಪೆಟ್ರೋಲು ಖಾಲಿಯಾಗಿ ಗಾಡಿ ನಿಂತಾಗ ಕಣ್ಣು ಮೂಗು ಬಿಟ್ಟು ನಮ್ಮವರ ಮಿಕ್ಕ ಮೈಯೆಲ್ಲ ಹೊಳೆಯುತ್ತಿತ್ತು.

ಸಾಹುಕಾರರು ರೇಷ್ಮೆ ಹೋಯಿತೆಂದು ಬೈಯುತ್ತಾರೆಂದು ನಾನು ಹೆದರಿ ನಿಂತಿದ್ದೆ. ಅವರು ಸೊಂಟದ ಮೇಲೆ ಕೈಯಿಟ್ಟು ನಮ್ಮವರನ್ನು ಮೇಲಿಂದ ಕೆಳಗೆ ನೋಡಿದರು.

"ಹುಳಾನೇ ಮೂರು ದಿನ ತಗೊಳ್ತದೆ ತಾಯಿ. ನಿಮ್ಮ ಯಜಮಾನರು ಮೂರೇ ನಿಮಿಷದಲ್ಲಿ ಗೂಡು ಕಟ್ಕೊಂಡ್ರಲ್ಲ!"

ತೊಟ್ಟಿಲು ಬೇಕಂತೆ

ಮೋಟಾರು ಸೈಕಲ್ಲಿನ ಪಕ್ಕದ ಪೆಟ್ಟಿಗೆಗೆ ಕರಾಚಿಯಲ್ಲಿ ಸೈಡ್‌ಕಾರು ಅನ್ನುತ್ತಿದ್ದರು. ನಮ್ಮೂರಲ್ಲಿ ಅದಕ್ಕೆ ತೊಟ್ಟಿಲು ಅಂತಿದ್ದರು. ನೋಡಲೂ ಹಾಗೇ ಇರುತ್ತಿತ್ತು, ತಪ್ಪೇನಿಲ್ಲ. ತಪ್ಪಾದದ್ದು ನಮ್ಮವರಿಂದ. ಸಂತೆಗೆ ಹೊರಟಿದ್ದ ಪಕ್ಕದ ಮನೆಯಾತನನ್ನು ನಿಲ್ಲಿಸಿ, "ನಮ್ಮನೆಯವಳು ತೊಟ್ಟಿಲು ಬೇಕೇ ಬೇಕು ಅಂತ ಹಟ ಹಿಡಿದಿದ್ದಾಳೆ ಕಣಪ್ಪ. ಎಲ್ಲಾದ್ರೂ ಇದ್ರೆ ಹೇಳು" ಎಂದರು.

ಮರುದಿನ ಬೆಳಿಗ್ಗೆ ಬೀದಿಯ ಹೆಂಗಸರೆಲ್ಲ ನಮ್ಮ ಜಗಲಿಯ ಮೇಲೆ. ಒಬ್ಬಳ ಕೈಯಲ್ಲಿ ಹಸಿರು ಬಳೆ, ಒಬ್ಬಳ ಕೈಯಲ್ಲಿ ಕೋಡುಬಳೆ, ಮತ್ತೊಬ್ಬಳ ಬುಟ್ಟಿ ತುಂಬ ಮಾವಿನಕಾಯಿ. ನಾನಾದರೋ ಮಗಳ ಮದುವೆ ಮಾಡಿ ಅಜ್ಜಿಯೂ ಆಗಿದ್ದವಳು.

"ನಾಚಿಕೆ ಯಾಕಮ್ಮ?" ಎಂದಳು ಬಳೆಯವಳು. "ಮೊಮ್ಮಗನ ಜೊತೇಲಿ ಆಡ್ಕೊಂಡು ಬೆಳೀತದೆ."

ಅತ್ತೆ ಒಳಗಿನಿಂದ ಬಂದರು. ವಿಷಯ ಕೇಳಿ ನನ್ನ ಹೊಟ್ಟೆ ನೋಡಿದರು. ಆಮೇಲೆ ಮಗನ ಮುಖ ನೋಡಿದರು. ಆ ಮುಖದ ತುಂಬ ಗ್ರೀಸು, ಗ್ರೀಸಿನ ತುಂಬ ನಗು. ಹೆಂಗಸರು ತೊಟ್ಟಿಲಿನ ಸುದ್ದಿ ತಂದಿದ್ದಾರೆಂದು ಪುಣ್ಯಾತ್ಮ ಹಿಗ್ಗಿಹೋಗಿದ್ದರು.

"ಹೌದು ಕಣ್ರಮ್ಮ, ಬೇಕೇ ಬೇಕು! ಹಳೇದಾದ್ರೂ ಚಿಂತೆಯಿಲ್ಲ, ನಾನೇ ಬಿಚ್ಚಿ ಸರಿಮಾಡ್ತೀನಿ. ಇದು ಒಂದು ಆದ್ರೆ ಸಾಕು, ಆಮೇಲೆ ಅಮ್ಮ ಇನ್ನೊಂದಕ್ಕೆ ಬಿಡಲ್ಲ."

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕರೆ ಅದಕ್ಕೂ ಬೇರೆ ಅರ್ಥ ಮಾಡಿ ಒಬ್ಬಳು ನೀರು ತಂದಳು. ಕೊನೆಗೆ ನಿಜ ತಿಳಿದ ಮೇಲೆ ಬಳೆ ವಾಪಸು ಹೋಯಿತು, ಕೋಡುಬಳೆಯೂ ವಾಪಸು ಹೋಯಿತು. ಮಾವಿನಕಾಯಿಯ ಬುಟ್ಟಿ ಎತ್ತಲು ಬಂದಾಗ ಮಾತ್ರ ನಾನು ಬಿಡಲಿಲ್ಲ.

"ಇರಲಿ ಬಿಡ್ರೇ" ಎಂದರು ಅತ್ತೆ. "ಬಸುರಿಯರಿಗಾದ್ರೆ ಒಂಬತ್ತು ತಿಂಗಳ ಬಯಕೆ. ನನ್ನ ಸೊಸೆಗೆ ಹುಟ್ಟಿದಾಗಿನಿಂದ."

ಕಾವಿಗೆ ಕೂತಿದೆ

ಆ ಗುಲ್ಲಿನಿಂದ ಒಂದು ಲಾಭವಾಯಿತು. ಮಾತು ಸಂತೆಯಿಂದ ಸಂತೆಗೆ ಹೋಗಿ, ಸೂಲಿಬೆಲೆಯ ಕಡೆಯ ಹಳ್ಳಿಯೊಂದರ ಅಜ್ಜಿಯ ಕಿವಿಗೆ ಬಿತ್ತು. ಪಾದ್ರಿಯೊಬ್ಬರು ಊರಿಗೆ ಹೊರಟಾಗ ಬಿಟ್ಟುಹೋದ ತೊಟ್ಟಿಲಿನ ಮೋಟಾರು ಸೈಕಲ್ಲು ಆಕೆಯ ಸೌದೆ ಮನೆಯಲ್ಲಿತ್ತು. ನೋಡಿದ ಕೂಡಲೇ ನನಗೆ ಇದೇ ಅನ್ನಿಸಿತು. ತುಕ್ಕು ಹಿಡಿದಿದ್ದರೂ ಗತ್ತು ಬಿಟ್ಟಿರಲಿಲ್ಲ. ತೊಟ್ಟಿಲಂತೂ ಒಳ್ಳೆ ಪಲ್ಲಕ್ಕಿಯಂತಿತ್ತು.

ಪಲ್ಲಕ್ಕಿಯೊಳಗೆ ಒಂದು ಕೆಂಪು ಕೋಳಿ ಕೂತಿತ್ತು.

ನಮ್ಮವರು ಕೈ ಚಾಚಿದರು. ಕೋಳಿ ಕುಕ್ಕಿತು.

"ಮುಟ್ಟಬೇಡಪ್ಪೋ, ಕಾವಿಗೆ ಕೂತದೆ!" ಅಜ್ಜಿ ಓಡಿ ಬಂದಳು. "ಮರಿಯಾಗೋ ತನಕ ಆ ಗಾಡಿ ಅಲ್ಲಾಡಕೂಡದು."

"ಅಜ್ಜೀ, ಮೊಟ್ಟೆಗಳನ್ನ ಒಂದು ಮಂಕರಿಗೆ ಹಾಕಿದ್ರೆ ಆಗಲ್ವಾ? ನಾವು ದೇವನಹಳ್ಳಿಯಿಂದ ಬಂದಿದ್ದೀವಿ" ಎಂದು ನಮ್ಮವರು ಬೇಡಿಕೊಂಡರು.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು.

"ನೋಡಪ್ಪಾ, ನಿನ್ನ ಗಾಡಿ ಓಡೋದು ನಿಲ್ಲಿಸಿ ಕಾಲವಾಯ್ತು. ನನ್ನ ಮರಿಗಳು ಬರೋ ವಾರ ಓಡ್ತವೆ. ಮೊದಲು ಯಾರಿಗೆ ಮರ್ಯಾದೆ, ನೀನೇ ಹೇಳು."

ಅಮ್ಮ ಕೊಟ್ಟ ಹೂವು

ಮರಿಗಳು ಓಡಿದವು. ನಮ್ಮವರು ಅಲ್ಲೇ ಸೌದೆ ಮನೆಯಲ್ಲಿ ಕೂತು ಕುಟ್ಟಿ ತಟ್ಟಿ ಗಾಡಿಯನ್ನೂ ಹೇಗೋ ಓಡುವಂತೆ ಮಾಡಿದರು. ಸೈಲೆನ್ಸರು ತುಕ್ಕಿಗೆ ಉದುರಿಹೋಗಿತ್ತು. ಸದ್ದು ಕೇಳಿದರೆ ಕಲ್ಲುಗಣಿಯಲ್ಲಿ ಮದ್ದು ಸಿಡಿಸಿದ ಹಾಗಿತ್ತು. ಆದರೆ ಅತ್ತೆ ಒಪ್ಪಬೇಕಲ್ಲ?

"ಎರಡು ಗಾಡಿಯ ಕತೆ ನೋಡಿದ್ದಾಯ್ತು" ಎಂದರು ಅತ್ತೆ. "ಈ ಸಲ ನಾನಲ್ಲ, ಅಮ್ಮನೇ ಹೇಳಲಿ. ನಲ್ಲೂರಿನ ಗುಡಿಗೆ ತಗೊಂಡು ಬಾ. ಅಮ್ಮ ಹೂ ಕೊಟ್ರೆ ಮನೆಗೆ. ಇಲ್ಲಾಂದ್ರೆ ಕೋಳಿ ಅಜ್ಜಿಗೆ ವಾಪಸು."

ಹೂ ಕೇಳುವುದೆಂದರೆ ನಮ್ಮ ಕಡೆ ಕೋರ್ಟಿನ ತೀರ್ಪಿಗಿಂತ ಮೇಲು. ಪೂಜಾರಿ ದೇವಿಯ ಎರಡು ಭುಜಕ್ಕೂ ನೆತ್ತಿಗೂ ಒದ್ದೆ ಹೂವು ಅಂಟಿಸುತ್ತಾನೆ. ಬಲಗಡೆಯ ಹೂವು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ.

ಹುಣಸೆ ತೋಪಿನ ಅಂಚಿನ ಗುಡಿಗೆ ಅತ್ತೆ ಎತ್ತಿನ ಗಾಡಿಯಲ್ಲಿ ಬಂದರು. ನಾವು ಮೋಟಾರು ಸೈಕಲ್ಲಿನಲ್ಲಿ ಬಂದೆವು. ಗುಡಿಯ ಗೋಡೆಗೇ ತಾಗಿಸಿ ನಿಲ್ಲಿಸಿ ಒಳಗೆ ಹೋದೆವು. ಪೂಜಾರಿ ಕಣಗಿಲೆ ಅಂಟಿಸಿ ಗಾಡಿಯ ವಿಷಯ ಅರಿಕೆ ಮಾಡಿದ. ನಾನು ಕೈಮುಗಿದು ಬಲಭುಜವನ್ನೇ ನೋಡುತ್ತಾ ನಿಂತೆ. ಇಷ್ಟು ದೇಶ ತಿರುಗಿ ಯಾವ ದೇವರನ್ನೂ ಅಷ್ಟು ಬೇಡಿಕೊಂಡವಳಲ್ಲ ನಾನು. ಈ ಹೂವು ಬೀಳದಿದ್ದರೆ ಬದನೆಕಾಯಿ ಗಿಡಕ್ಕೆ ನೀರು ಹೊಯ್ಯುತ್ತಾ ಆಯಸ್ಸು ಮುಗಿಯುವುದು ಖಂಡಿತ.

ಹೂವು ಅಲುಗಲಿಲ್ಲ. ಕರ್ಪೂರ ಉರಿದು ಮುಗಿಯಿತು. ಇನ್ನೊಂದು ಹಚ್ಚಿದರು. ಅದೂ ಮುಗಿಯಿತು. ಎಡಭುಜದ ಹೂವು ಒಂದಿಷ್ಟು ಜಾರಿದಂತೆ ಕಂಡಿತು.

"ಎಂಜಿನ್ನು ತಣ್ಣಗಾದ್ರೆ ಮತ್ತೆ ಏಳಲ್ಲ ಕಣೇ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿ ನಮ್ಮವರು ಮೆಲ್ಲಗೆ ಹೊರಗೆ ಜಾರಿದರು.

ಆಮೇಲೆ ಕೇಳಿದ್ದು ಸಿಡಿಲು.

ಗೋಡೆ ಗಡಗಡ ನಡುಗಿತು. ಗಂಟೆ ತನಗೆ ತಾನೇ ಬಡಿದುಕೊಂಡಿತು. ಹುಣಸೆ ಮರದ ಬಾವಲಿಗಳೆಲ್ಲ ಹಾಡುಹಗಲಲ್ಲಿ ಎದ್ದು ಹಾರಿದವು. ಒಳಗೆ ಬಲಗಡೆಯ ಹೂವು ಬಿತ್ತು, ಎಡಗಡೆಯ ಹೂವು ಬಿತ್ತು, ನೆತ್ತಿಯ ಹೂವು ಹಾರಿ ಬಂದು ಪೂಜಾರಿಯ ಮಡಿಲಲ್ಲಿ ಬಿತ್ತು.

ಸದ್ದು ನಿಂತ ಮೇಲೆ ಎಲ್ಲರೂ ಪೂಜಾರಿಯ ಮುಖ ನೋಡಿದೆವು. ಆತ ಬೆವರು ಒರೆಸಿಕೊಂಡ. "ಒಟ್ಟಿಗೆ ಕೊಟ್ರೆ ಏನರ್ಥ ಅಂತ ನಮ್ಮಪ್ಪ ಹೇಳ್ಕೊಟ್ಟಿಲ್ಲ ತಾಯಿ."

ಅತ್ತೆ ಮಾತ್ರ ಕಣ್ಣು ಮಿಟುಕಿಸಲಿಲ್ಲ. ಬಿದ್ದ ಹೂವುಗಳನ್ನು ಆಯ್ದು ಕಣ್ಣಿಗೊತ್ತಿಕೊಂಡರು.

"ಇದರಲ್ಲಿ ತಿಳಿಯದೇ ಇರೋದು ಏನಿದೆ? ಬಲಗಡೆಯದು ಗಾಡಿಗೆ. ಗಾಡಿ ಆಗಬಹುದು. ಎಡಗಡೆಯದು ಓಡಿಸೋನಿಗೆ. ಇವನು ಬೇಡ."

ಹೊರಗೆ ಬಂದು ಮಗನನ್ನು ಇಳಿಸಿದರು. ನನ್ನ ಕಡೆ ತಿರುಗಿ, "ನಿನಗೆ ಬರ್ತದೇನೇ?" ಎಂದರು.

"ಕರಾಚಿಯ ಸಮುದ್ರದ ದಂಡೇಲಿ ಓಡಿಸ್ತಿದ್ದೆ ಅತ್ತೆ."

"ಇಷ್ಟು ದಿನ ಬಾಯಲ್ಲಿ ಏನಿತ್ತು?"

"ನೀವು ಕೇಳಲಿಲ್ಲ."

ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು ತೊಟ್ಟಿಲಿಗೆ ಇಳಿದು ಕೂತರು. "ನಾನು?" ಎಂದರು ನಮ್ಮವರು. ಅತ್ತೆ ಎತ್ತಿನ ಗಾಡಿಯ ಕಡೆ ಬೆರಳು ತೋರಿಸಿದರು.

ನಾನು ಹತ್ತಿ ಗಾಡಿ ಬಿಟ್ಟೆ. ಹೊಲದಲ್ಲಿ ಕಳೆ ಕೀಳುತ್ತಿದ್ದವರು ಎದ್ದು ನಿಂತು ನೋಡಿದರು. ಅತ್ತೆ ನೆಟ್ಟಗೆ ಕೂತು, ಗೊತ್ತಿರುವವರಿಗೂ ಗೊತ್ತಿಲ್ಲದವರಿಗೂ ತಲೆಯಾಡಿಸುತ್ತಾ ಬಂದರು. ದೇವನಹಳ್ಳಿ ಬಂತು. ನಮ್ಮ ಬೀದಿ ಬಂತು. ನಾನು ನಿಧಾನ ಮಾಡಿದೆ.

"ಅತ್ತೆ, ಮನೆ ಬಂತು."

"ಕಾಣ್ತಾ ಇದೆ ಕಣೇ, ಕುರುಡಿಯಲ್ಲ. ಪೆಟ್ರೋಲಿದೆಯಾ?"

"ಇದೆ."

"ಹಂಗಾದ್ರೆ ನಂದಿ ಕಡೆ ತಿರುಗಿಸು. ಅವನು ಬರೋದರೊಳಗೆ ವಾಪಸು ಬಂದುಬಿಡೋಣ. ಗೊತ್ತಾದ್ರೆ ಅವನೂ ಬರ್ತೀನಿ ಅಂತಾನೆ."