ಖಾರದ ಪಾಠಕ್ಕೊಂದು ತಿದ್ದುಪಡಿ

ನಮ್ಮ ಸೋದರಮಾವನಷ್ಟು ಪುಕ್ಕಲು ಮನುಷ್ಯ ಇಡೀ ಹಾವೇರಿ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ತಮಾಷೆಯೆಂದರೆ, ಅದೇ ಜಿಲ್ಲೆಯ ಅರ್ಧ ಜನ ಅವರಿಗೆ ಹೆದರುತ್ತಿದ್ದರು! ಬ್ಯಾಡಗಿಯಲ್ಲಿ ಇಪ್ಪತ್ತೈದು ವರ್ಷ ವಿಜ್ಞಾನದ ಟ್ಯೂಷನ್ ನಡೆಸಿದವರು. ತರಗತಿಯಲ್ಲಿ ಹುಲಿ. ಮನೆಗೆ ಬಂದರೆ ಹಲ್ಲಿಗೆ ಹೆದರಿಕೆ, ಗುಡುಗಿಗೆ ಹೆದರಿಕೆ, ಅತ್ತೆಯ ವಿಷಯವಂತೂ ಕೇಳಲೇಬೇಡಿ. ಗ್ಯಾಸ್ ಸಿಲಿಂಡರ್ ಬದಲಿಸುವ ದಿನ ಬೀದಿಯ ಆ ತುದಿಗೆ ಹೋಗಿ ನಿಂತು, ಅತ್ತೆ ಬದುಕಿದ್ದಾರೆಂದು ಖಾತ್ರಿಯಾದ ಮೇಲಷ್ಟೇ ವಾಪಸಾಗುತ್ತಿದ್ದರು.

ಇಂಥವರಿಗೆ ಇಂಟರ್ನೆಟ್ ತೋರಿಸಿದ ಪಾಪಿ ನಾನೇ. ಎರಡು ಸಾವಿರದ ಏಳೋ ಎಂಟೋ ಇರಬೇಕು, ಮಾವನ ಮನೆಯಲ್ಲಿದ್ದುಕೊಂಡು ಹಾವೇರಿಯಲ್ಲಿ ಬಿ.ಎಡ್. ಓದುತ್ತಿದ್ದೆ. ಪರದೇಶದ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ತಮ್ಮ ಪಾಠಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಇಡುತ್ತಿವೆ, ಯಾರು ಬೇಕಾದರೂ ನೋಡಿ ಕಲಿಯಬಹುದು ಎಂದು ಊಟಕ್ಕೆ ಕೂತಾಗ ಬಾಯಿಬಿಟ್ಟೆ. ಬಾಯಿಗೆ ಹೊರಟಿದ್ದ ಮಾವನ ರೊಟ್ಟಿ ಅರ್ಧ ದಾರಿಯಲ್ಲೇ ನಿಂತಿತು.

"ಪುಕ್ಕಟ?"

"ಹೂಂರಿ ಮಾವ, ಪುಕ್ಕಟ."

"ತಮ್ಮಾ, ಮಾರ್ಕೆಟ್ಟಿನ್ಯಾಗ ಪುಕ್ಕಟ ಕೊಡೂದು ಸ್ಯಾಂಪಲ್ ಅಷ್ಟ. ಆಮ್ಯಾಲೆ ಗಿರಾಕೀನ ಎಲ್ಲಾ ಅವರ ಕಡೆ ಎಳಕೋತಾರ. ನನ್ನ ಕಡೆ ಯಾರ ಬರ್ತಾರೋ ಇನ್ನ?"

ನಾನು ನಕ್ಕೆ. ಆಮೇಲೆ ನನಗೂ ಒಳಗೊಳಗೇ ಪುಕುಪುಕು ಶುರುವಾಯಿತು. ಬಿ.ಎಡ್. ಮುಗಿಸಿ ನಾನು ಹೊರಬರುವ ಹೊತ್ತಿಗೆ ಮಾಸ್ತರಿಕೆ ಎಂಬ ಕೆಲಸವೇ ಇಲ್ಲದಿದ್ದರೆ?

ಮರುವಾರ ಮಾವ, ಬ್ಯಾಡಗಿಯಲ್ಲಾದರೆ ಯಾರಾದರೂ ನೋಡಿಯಾರೆಂದು, ಹಾವೇರಿಗೇ ಬಂದು ಸೈಬರ್ ಕೆಫೆಯ ಪರದೆಯ ಹಿಂದೆ ಕೂತರು. ಶಾಕ್ ಹೊಡೆದೀತೆಂದು ಮೌಸನ್ನು ಕರವಸ್ತ್ರದಲ್ಲಿ ಸುತ್ತಿ ಹಿಡಿದಿದ್ದರು! ನಾನು ಸಸ್ಯಶಾಸ್ತ್ರದ ಒಂದು ಪಾಠ ಹಚ್ಚಿಕೊಟ್ಟೆ. ಬಿಳಿಗೂದಲಿನ ಪ್ರೊಫೆಸರರು ಎರಡು ಮಾತಾಡಿ, ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟರು.

"ನೋಡಲೇ! ಮುಂದಿಂದು ಮರತಾನ!" ಮಾವನ ಮುಖ ಅರಳಿತು.

"ಮರತಿಲ್ರಿ. ನೆಟ್ ಸ್ಲೋ ಐತಿ."

ಪ್ರೊಫೆಸರರು ಮತ್ತೆ ಹೊರಟರು. ಒಂದು ಮೆಣಸಿನಕಾಯಿ ಸೀಳಿ, ಒಳಗಿನ ಬಿಳಿ ತಿರುಳನ್ನು ಮುಟ್ಟಿ ತೋರಿಸಿ, ಖಾರ ಹುಟ್ಟುವುದು ಇಲ್ಲಿ, ಬೀಜದಲ್ಲಲ್ಲ ಎಂದರು. ಮಾವ ಇಪ್ಪತ್ತೈದು ವರ್ಷ ಹೇಳಿಕೊಟ್ಟಿದ್ದು ಖಾರ ಬೀಜದಲ್ಲಿದೆ ಎಂದು! ಪಠ್ಯದಲ್ಲಿ ಇಲ್ಲದ ಈ ಪಾಠವನ್ನು ಊರಿನ ಅಭಿಮಾನಕ್ಕೆ ತಾವೇ ಸೇರಿಸಿಕೊಂಡಿದ್ದರು. ಮೆಣಸಿನಕಾಯಿಯ ರಾಶಿಗಳ ನಡುವೆ ಸೀನುತ್ತಲೇ ಬೆಳೆದ ಬ್ಯಾಡಗಿಯವರಿಗೆ ಎಲ್ಲಿಯವನೋ ಒಬ್ಬ ಮೆಣಸಿನಕಾಯಿ ಕಲಿಸುವುದೆ?

ಮರುದಿನವೇ ಪ್ರಯೋಗ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಹಾಗಾಗಿ ಸಂತೆಯಿಂದ ಜೋರು ಖಾರದ ಹಸಿಮೆಣಸು ತಂದರು. ಒಂದು ತಟ್ಟೆಯಲ್ಲಿ ತೊಳೆದ ಬೀಜ, ಇನ್ನೊಂದರಲ್ಲಿ ಬಿಳಿ ತಿರುಳು. ತಿನ್ನಬೇಕಾದವನು ಯಾರು? ನಾನು! ಬೀಜ ಅಗಿದೆ, ಏನೂ ಆಗಲಿಲ್ಲ. ತಿರುಳು ನಾಲಿಗೆಗೆ ತಾಗಿದ್ದೇ ತಡ, ಅಂಗಳದಲ್ಲಿ ಮೂರು ಸುತ್ತು ಓಡಿದೆ. ಅತ್ತೆ ಬೆಲ್ಲ ಹಿಡಿದುಕೊಂಡು ಹಿಂದೆ ಓಡಿ ಬಂದರು. ಮಾವ ಮಾತ್ರ ತಟ್ಟೆಯ ಮುಂದೆ ಬೆವೆತು ಕೂತಿದ್ದರು.

"ಇದೊಂದ ತಪ್ಪೋ, ಇನ್ನೂ ಎಷ್ಟ ತಪ್ಪ ಹೇಳೇನೋ? ನಾಳೆ ಹುಡುಗೂರು ಅದನ್ನ ನೋಡ್ತಾವು. ನಮ್ಮ ಮಾಸ್ತರ ಸುಳ್ಳ ಅಂತಾವು!"

ಬೇರೆಯವರಾಗಿದ್ದರೆ ಸುಮ್ಮನಿರುತ್ತಿದ್ದರು. ನಮ್ಮ ಮಾವ, ಹುಡುಗರು ತಾವಾಗಿ ಕಂಡುಕೊಳ್ಳುವ ಮೊದಲೇ ಹೋಗಿ ಹೇಳಿಬಿಡಬೇಕೆಂದು ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡಿದರು. ಜೊತೆಗೆ ನಾನೂ ಹೊರಡಬೇಕಾಯಿತು. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದವನ ಎದುರು, ಗಿರಾಕಿಗಳೆಲ್ಲ ನೋಡುತ್ತಿರುವಾಗ, "ಬೀಜದಾಗ ಖಾರ ಇಲ್ಲೋ!" ಎಂದು ಕೂಗಿದರು. ಅವನು ಗಾಬರಿಯಾಗಿ ಎದ್ದು ನಿಂತ: "ಯಾವ ಪಾಕೀಟ್ರಿ ಸರ? ಬದಲಿ ಕೊಡ್ತೇನ್ರಿ!" ಕುಮಾರಪಟ್ಟಣದ ಕಾರ್ಖಾನೆ ಗೇಟಿನಲ್ಲಿ ಪಾಳಿ ಬಿಡುವ ಹೊತ್ತಿಗೆ ನಿಂತು ನಾಲ್ವರನ್ನು ಹಿಡಿದರು. ಅವರೋ, ತಾವೇ ತಪ್ಪು ಮಾಡಿದವರಂತೆ ಕೈಕಟ್ಟಿ ನಿಂತು ಕೇಳಿಸಿಕೊಂಡರು.

ಪಟ್ಟಿ ಮುಗಿಯುತ್ತ ಬಂತು. ಮೋಟೆಬೆನ್ನೂರಿನ ಒಂದು ಹೆಸರು ಮಾತ್ರ ಹಾಗೇ ಉಳಿದಿತ್ತು. ಕೇಳಿದಾಗಲೆಲ್ಲ ಮಾವನಿಗೆ ಹೊಟ್ಟೆನೋವು, ಇಲ್ಲವೇ ಬಸ್ಸಿಲ್ಲ. ಕೊನೆಗೊಂದು ದಿನ ತಾವೇ ಹೇಳಿದರು. ಆಕೆ ಒಂಬತ್ತನೇ ತರಗತಿಯಲ್ಲಿದ್ದಾಗ ತಾಯಿಯ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗಿ, ಅಲ್ಲಿಂದ ಟ್ಯೂಷನ್ನಿಗೆ ಬರುತ್ತಿದ್ದಳಂತೆ. ಬೀಜದ ಪಾಠ ಮಾಡುವಾಗ ಎದ್ದು, "ಇಲ್ರಿ ಸರ, ಒಡದ ಕಾಯಿ ಒಳಗಿನ ಬಿಳೀದು ಮುಟ್ಟಿದ್ರ ಬೆರಳು ಉರೀತಾವು" ಎಂದಳಂತೆ. ಮಾವ ಬೆಂಚಿನ ಮೇಲೆ ನಿಲ್ಲಿಸಿ, ತೊಟ್ಟು ಬಿಡಿಸುವವಳು ನನಗೆ ವಿಜ್ಞಾನ ಹೇಳುತ್ತೀಯಾ ಎಂದು ಇಡೀ ತರಗತಿಯನ್ನು ನಗಿಸಿದರು. ಮರುದಿನದಿಂದ ಆಕೆ ಬರಲಿಲ್ಲ. ಶಾಲೆಯನ್ನೂ ಬಿಟ್ಟಳು.

ನನಗೆ ನಗು ಬರಲಿಲ್ಲ. ಮಾವನ ಮೇಲೆ ಸಿಟ್ಟು ಬಂತು.

ಮೋಟೆಬೆನ್ನೂರಿನ ಆ ಮನೆಯ ಮುಂದೆ ಮಾವ ನನ್ನ ಬೆನ್ನ ಹಿಂದೆ ಸರಿದು ನಿಂತರು. ಕೂಗಿದವನು ನಾನು. ಹೊರಬಂದ ಹೆಂಗಸು ಇವರನ್ನು ಗುರುತಿಸಿ, ಸೆರಗು ಸರಿಮಾಡಿಕೊಂಡು, ಕಂಬಕ್ಕೆ ಅಂಟಿ ನಿಂತಳು. ಇಬ್ಬರಲ್ಲಿ ಯಾರು ಹೆಚ್ಚು ಹೆದರಿದ್ದರೋ ನನಗೆ ತಿಳಿಯಲಿಲ್ಲ.

"ನೀ ಹೇಳಿದ್ದ ಖರೇ ಇತ್ತವಾ," ಎಂದರು ಮಾವ. "ಖಾರ ಬಿಳೀ ತಿರುಳಿನ್ಯಾಗ ಐತಿ. ತಪ್ಪು ನಂದು."

ಆಕೆ ತನ್ನ ಬೆರಳುಗಳನ್ನೇ ನೋಡಿಕೊಂಡಳು. "ಇಷ್ಟ ವರ್ಷ ನನ್ನ ಬೆರಳ ಸುಳ್ಳ ಹೇಳ್ತಾವು ಅಂತ ತಿಳಕೊಂಡಿದ್ನಿರಿ ಸರ."

ಮಾವ ಕಟ್ಟೆಯ ಮೇಲೆ ಕುಸಿದು ಕೂತು ಅತ್ತರು. ಹುಲಿಯೂ ಅಲ್ಲ, ಪುಕ್ಕಲನೂ ಅಲ್ಲ, ಬರೀ ಮುದುಕ. ಅಷ್ಟು ದಿನ ಅವರನ್ನು ಆಡಿಕೊಂಡು ನಕ್ಕ ನನಗೆ ನಾಚಿಕೆಯಾಯಿತು.

ಬಾಗಿಲಲ್ಲಿ ಆಕೆಯ ಮಗಳು, ಏಳನೇ ತರಗತಿಯವಳು, ಬಂದು ನಿಂತಿದ್ದಳು. "ದೊಡ್ಡವರಾಗಿ ಯಾಕ ಅಳಾಕತ್ತೀರಿ?" ಎಂದಳು. ತಾಯಿ ಗದರಿದಳು.

ಮಾವ ಕಣ್ಣೊರೆಸಿಕೊಂಡರು. "ನಾಳಿಂದ ಈಕೀನ ನನ್ನ ಕಡೆ ಕಳಸವಾ."

"ಬ್ಯಾಡ್ರಿ ಸರ. ಈಕಿ ಭಾಳ ಎದುರ ಮಾತಾಡ್ತಾಳ್ರಿ."

ಮಾವ ಸರಿದು, ಕಟ್ಟೆಯ ಮೇಲೆ ಹುಡುಗಿಗೆ ಜಾಗ ಮಾಡಿಕೊಟ್ಟರು.

"ಆಡ್ಲಿ ಬಿಡವಾ," ಎಂದರು.